ಕಬ್ಬಿಣದ ಗೂಡಿನ ವರದಿ

ಪತ್ರಿಕೆಯ ಕೆಲಸದಿಂದ ನಿವೃತ್ತಳಾದ ಮರುವರ್ಷ ಜೂನ್‌ನಲ್ಲಿ, ಹೆಗ್ಗನಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ ನನಗೆ ಆರು ಶನಿವಾರ ಬಿಟ್ಟುಕೊಟ್ಟರು. ಆರನೇ ತರಗತಿ, ಮೂವತ್ತೊಂದು ಮಕ್ಕಳು, ಬೆಳಗ್ಗೆ ಒಂಬತ್ತರಿಂದ ಹತ್ತೂವರೆ. ಮಕ್ಕಳನ್ನು ಕೊಠಡಿಯಿಂದ ಹೊರಗೆ ಕರೆದುಕೊಂಡು ಹೋಗಿ ಮರ, ಹಕ್ಕಿ, ಹುಳು ನೋಡಲು ಬಿಡುವುದು. ನೋಡಿದ್ದನ್ನು ಬಾಯಿಬಿಟ್ಟು ಹೇಳುವುದನ್ನೂ ಹೇಳಿದ್ದನ್ನು ಕಿವಿಗೊಟ್ಟು ಕೇಳುವುದನ್ನೂ ರೂಢಿಸುವುದು. ನಾನು ಕೇಳಿದ್ದು ಇಷ್ಟೇ. ಆರನೇ ಶನಿವಾರ ಪೋಷಕರ ಸಭೆ ಇತ್ತು. ಅಲ್ಲಿ ಮಕ್ಕಳು ಏನು ಕಲಿತರೆಂದು ತೋರಿಸಬೇಕು ಎಂಬುದು ಅವರ ಷರತ್ತು.

ಇನ್ನೊಂದು ವಿಷಯವನ್ನು ಅವರು ಬಾಗಿಲವರೆಗೆ ಬಂದು ಹೇಳಿದರು.

"ಒಂದು ಹುಡುಗಿ ಇದಾಳೆ ಮೇಡಂ, ಯಾದಗಿರಿ ಕಡೆಯವಳು. ಅಪ್ಪ ಅಮ್ಮ ಹಿಂದಿನ ರಸ್ತೆ ಬಿಲ್ಡಿಂಗ್‌ನಲ್ಲಿ ಕೆಲಸ ಮಾಡ್ತಾರೆ. ನವೆಂಬರ್‌ನಲ್ಲಿ ಸೇರಿದ್ದು. ಇವತ್ತಿನವರೆಗೂ ಒಂದು ಮಾತಾಡಿಲ್ಲ. ಹಾಜರಿ ಕೂಗಿದ್ರೂ ಕೈ ಎತ್ತುತ್ತಾಳೆ ಅಷ್ಟೇ. ಪಾಠ ಅರ್ಥ ಆಗ್ತಾ ಇಲ್ಲ ಅಂತ ಕ್ಲಾಸ್ ಟೀಚರ್ ಹೇಳ್ತಾರೆ. ಸಭೆವರೆಗೂ ನೋಡ್ತೀನಿ. ಆಮೇಲೆ ಮೂರನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸ್ತೀನಿ."

"ಮೂರನೇ ಕ್ಲಾಸಲ್ಲೇ ಯಾಕೆ?"

"ಅವಳ ತಂಗಿ ಅಲ್ಲೇ ಇದಾಳಲ್ಲ. ಹೊಂದ್ಕೊಳ್ತಾಳೆ ಅಂತ."

ಅವರು ಕೆಟ್ಟವರಲ್ಲ. ಎರಡು ತರಗತಿಗಳ ಹೊರೆ ಒಬ್ಬೊಬ್ಬ ಶಿಕ್ಷಕಿಯ ಮೇಲಿದ್ದ ಶಾಲೆಯಲ್ಲಿ ಅವರಿಗೆ ತೋಚಿದ ದಾರಿ ಅದು. ಆದರೆ ಹನ್ನೊಂದು ವರ್ಷದ ಹುಡುಗಿಯನ್ನು ಅವಳ ತಂಗಿಯ ಪಕ್ಕದಲ್ಲಿ ಕೂರಿಸಿದರೆ ಏನಾಗುತ್ತದೆ ಎಂಬುದನ್ನು ಊಹಿಸಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಬಸವೇಶ್ವರನಗರಕ್ಕೆ ವಾಪಸ್ ಬರುವ ಬಸ್ಸಿನಲ್ಲಿ, ಆರು ಶನಿವಾರದೊಳಗೆ ಆ ಹುಡುಗಿ ಮಾತಾಡಬೇಕು ಎಂದು ನಿರ್ಧರಿಸಿದೆ.

ನನಗೆ ಗೊತ್ತಿದ್ದ ವಿಧಾನ ಒಂದೇ. ಡೆಸ್ಕಿನಲ್ಲಿ ನನ್ನ ಮೊದಲ ಹತ್ತು ವರ್ಷ ಕಳೆದದ್ದು ಫೋನಿನಲ್ಲಿ ಸುದ್ದಿ ಬರೆದುಕೊಳ್ಳುವುದರಲ್ಲಿ. ಸಂಜೆಯಾದರೆ ತಾಲ್ಲೂಕುಗಳಿಂದ ವರದಿಗಾರರು ಫೋನ್ ಮಾಡುತ್ತಿದ್ದರು. ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬರೆಯಬೇಕು. ಹೇಳುವವನು ಕಂಡಿದ್ದಾನೆ, ನಾವು ಕಂಡಿಲ್ಲ. ಆದ್ದರಿಂದ ನಾವು ಪ್ರಶ್ನೆ ಮಾತ್ರ ಕೇಳಬಹುದು: ಎಲ್ಲಿ, ಯಾವಾಗ, ಎಷ್ಟು, ಯಾರು ನೋಡಿದರು. ಕೊನೆಗೆ ಬರೆದದ್ದನ್ನೆಲ್ಲ ಅವನಿಗೆ ಓದಿ ಹೇಳಬೇಕು. ಅವನು ಸರಿ ಎಂದರೆ ಮಾತ್ರ ಫೋನ್ ಇಡಬೇಕು.

ಇದನ್ನೇ ಮಕ್ಕಳಿಗೆ ಆಟ ಮಾಡಿದೆ. ಇಬ್ಬಿಬ್ಬರ ಜೋಡಿ, ಕೊನೆಯದು ಮಾತ್ರ ಮೂವರದು. ಒಬ್ಬರು ಆಟದ ಮೈದಾನದ ಅಂಚಿನ ಹೊಂಗೆ ಮರದ ಹತ್ತಿರ ಹೋಗಿ ಹತ್ತು ನಿಮಿಷ ಒಂದೇ ಒಂದು ವಸ್ತುವನ್ನು ನೋಡಬೇಕು. ಕೈಯಲ್ಲಿ ಪೆನ್ನು ಕಾಗದ ಇರಬಾರದು. ಇನ್ನೊಬ್ಬರು ಮರಕ್ಕೆ ಬೆನ್ನು ಹಾಕಿ ಕೂತಿರುತ್ತಾರೆ, ಸ್ಲೇಟು ಹಿಡಿದು. ನೋಡಿದವರು ಬಂದು ಹೇಳುತ್ತಾರೆ, ಕೂತವರು ಕೇಳಿ ಚಿತ್ರ ಬಿಡಿಸುತ್ತಾರೆ. ಕೂತವರಿಗೆ ಪ್ರಶ್ನೆ ಕೇಳುವ ಹಕ್ಕಿದೆ, ಊಹಿಸುವ ಹಕ್ಕಿಲ್ಲ. ಆಮೇಲೆ ಇಬ್ಬರೂ ಸ್ಲೇಟಿನೊಂದಿಗೆ ಮರದ ಹತ್ತಿರ ಹೋಗಿ ಹೋಲಿಸಿ ನೋಡಬೇಕು. ಮಕ್ಕಳು ಇದಕ್ಕೆ 'ಫೋನ್ ಸುದ್ದಿ' ಎಂದು ಹೆಸರಿಟ್ಟರು.

ಮೊದಲ ಶನಿವಾರ ಗದ್ದಲವೇ ಹೆಚ್ಚು.

"ದೊಡ್ಡ ಹುಳ ಕಣೋ."

"ಎಷ್ಟು ದೊಡ್ಡ?"

"ದೊಡ್ಡದು ಅಂದ್ನಲ್ಲ!"

"ಬಿಎಂಟಿಸಿ ಬಸ್ಸಷ್ಟಾ?"

ಹೀಗೆ ಕೇಳಿದವನು ತರಗತಿಯ ಮಾತುಗಾರ. ಅವನ ತಂದೆಗೆ ಸುಂಕದಕಟ್ಟೆಯಲ್ಲಿ ವೆಲ್ಡಿಂಗ್ ಶಾಪ್ ಇತ್ತು. ಯಾರು ಏನೇ ಹೇಳಿದರೂ ಅವನಲ್ಲಿ ಒಂದು ಮಾತು ಸಿದ್ಧವಿರುತ್ತಿತ್ತು. ಯಾದಗಿರಿಯ ಹುಡುಗಿ ಆ ದಿನ ಹೊಂಗೆ ಮರದ ಹತ್ತಿರ ಹೋದಳು, ಹತ್ತು ನಿಮಿಷ ನಿಂತು ನೋಡಿದಳು, ವಾಪಸ್ ಬಂದು ತನ್ನ ಜೋಡಿಯ ಮುಂದೆ ಸುಮ್ಮನೆ ನಿಂತಳು. ನಾನು ಒತ್ತಾಯ ಮಾಡಲಿಲ್ಲ.

ಎರಡನೇ ಶನಿವಾರ ಬೆಳಗ್ಗೆ ಜಿಟಿಜಿಟಿ ಮಳೆ. ಮೈದಾನಕ್ಕೆ ಹೋಗುವ ಹಾಗಿರಲಿಲ್ಲ. ಜಗಲಿಯಲ್ಲಿ ಕೂರಿಸಿ, ವಾರದಲ್ಲಿ ಮನೆ ಹತ್ತಿರ ಏನು ನೋಡಿದಿರಿ ಹೇಳಿ ಎಂದೆ. ಒಬ್ಬಳು ಮೀಟರ್ ಬೋರ್ಡಿನೊಳಗೆ ಮರಿ ಹಾಕಿದ ಅಳಿಲಿನ ಬಗ್ಗೆ ಹೇಳಿದಳು. ಇನ್ನೊಬ್ಬ ಚರಂಡಿಯ ಕಪ್ಪೆಯ ಬಗ್ಗೆ. ಆಗ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆ ಬಂತು. ಅವಳದೇ. ಎದ್ದು ನಿಂತು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಕಾಗಿ ಕಬ್ಬಿಣದ ಗೂಡ ಕಟ್ಯದ್ರಿ."

ವೆಲ್ಡಿಂಗ್ ಶಾಪಿನ ಹುಡುಗ ತಕ್ಷಣ ಎಂದ: "ಐಟಿಐ ಓದಿರೋ ಕಾಗೆ ಇರ್ಬೇಕು ಮಿಸ್!"

ಇಡೀ ಜಗಲಿ ನಕ್ಕಿತು. ಆ ನಗುವನ್ನು ನಿಲ್ಲಿಸುವುದು ನನ್ನ ಮೊದಲ ಕೆಲಸವಾಗಬೇಕಿತ್ತು. ನಾನು ಮಾಡಿದ್ದು ಬೇರೆ. ಡೆಸ್ಕಿನಲ್ಲಿ ನಂಬಲಾಗದ ಸುದ್ದಿ ಬಂದಾಗ ಕೇಳುತ್ತಿದ್ದ ಪ್ರಶ್ನೆಯನ್ನೇ, ಅದೇ ದನಿಯಲ್ಲಿ ಕೇಳಿದೆ.

"ಇದನ್ನ ಇನ್ಯಾರಾದ್ರೂ ನೋಡಿದಾರಾ?"

ಅವಳು ನನ್ನನ್ನೇ ನೋಡಿದಳು.

"ಸರಿ, ಅದು ಇರ್ಲಿ. ಖಚಿತವಾಗಿ ನೋಡಿದ್ದು ಬೇರೆ ಏನಾದ್ರೂ ಇದ್ರೆ ಹೇಳು."

ಅವಳು ಕೂತಳು. ಮುಂದಿನವರು ಯಾರು ಎಂದು ನಾನು ಕೇಳಿದೆ. ಏಳು ತಿಂಗಳ ಮೇಲೆ ಬಂದ ಒಂದು ವಾಕ್ಯವನ್ನು ಎರಡನೇ ಸಾಕ್ಷಿ ಇಲ್ಲವೆಂದು ತಳ್ಳಿಹಾಕಿದ್ದೆ. ಇದು ನನಗೆ ಹೊಳೆದದ್ದು ತರಗತಿ ಮುಗಿದ ಮೇಲೆ, ಕ್ಲಾಸ್ ಟೀಚರ್ ಹತ್ತಿರ ಬಂದು "ನೋಡಿದ್ರಲ್ಲ ಮೇಡಂ, ಬಾಯಿ ಬಿಟ್ರೆ ಹೀಗೆ" ಎಂದಾಗ.

ಆ ರಾತ್ರಿ ನನ್ನನ್ನು ಕಾಡಿದ್ದು ಡೆಸ್ಕಿನ ಒಂದು ನಿಯಮ. ನಂಬಲಾಗದ ಸುದ್ದಿಗೆ ಎರಡು ಸಾಕ್ಷಿ ಬೇಕು ಎಂಬುದು ತಪ್ಪಲ್ಲ. ಆದರೆ ಆ ನಿಯಮಕ್ಕೆ ಎರಡನೇ ಭಾಗ ಒಂದಿದೆ: ಸುದ್ದಿಯನ್ನು ಕೈಬಿಡುವ ಮೊದಲು ಯಾರನ್ನಾದರೂ ಕಳಿಸಿ ನೋಡಿಸಬೇಕು. ನಾನು ಯಾರನ್ನೂ ಕಳಿಸಿರಲಿಲ್ಲ.

ಬುಧವಾರ ಬೆಳಗ್ಗೆ ಏಳೂವರೆಗೆ ನಾನೇ ಹೋದೆ. ಶಾಲೆಯ ಹಿಂದಿನ ರಸ್ತೆಯಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಮೇಲೇಳುತ್ತಿತ್ತು. ಸುತ್ತ ಹಸಿರು ಬಲೆ, ಒಳಗೆ ತಗಡಿನ ಎರಡು ಶೆಡ್. ಹುಡುಗಿ ಡ್ರಮ್ಮಿನಿಂದ ಬಿಂದಿಗೆಗೆ ನೀರು ತುಂಬುತ್ತಿದ್ದವಳು ನನ್ನನ್ನು ಕಂಡು ಬಿಂದಿಗೆ ಅಲ್ಲೇ ಬಿಟ್ಟು ಶೆಡ್ಡಿನೊಳಗೆ ಹೋದಳು. ಅವಳ ತಾಯಿ ಹೊರಗೆ ಬಂದರು.

"ಯಾರ್ ಬೇಕ್ರಿ?"

"ಶನಿವಾರ ಶನಿವಾರ ಶಾಲೆಗೆ ಬರ್ತೀನಲ್ಲ, ನಾನೇ. ಕಾಗೆ ಗೂಡು ನೋಡೋಣ ಅಂತ ಬಂದೆ."

"ಕಾಗಿ ಗೂಡ ನೋಡ್ಲಿಕ್ಕ?" ಆಕೆ ಸೆರಗು ಬಾಯಿಗೆ ಹಿಡಿದು ನಕ್ಕರು. "ಅದಕ್ಕಾಗೇ ಬಂದೀರಿ? ಅಕಾ ಅಲ್ಲಿ ನೋಡ್ರಿ, ಮ್ಯಾಲ."

ನಿವೇಶನದ ಮೂಲೆಯಲ್ಲಿ ಒಂದು ಸಿಲ್ವರ್ ಓಕ್ ಉಳಿದುಕೊಂಡಿತ್ತು. ಅದರ ಮೇಲಿನ ಕವಲಿನಲ್ಲಿ ಗೂಡು. ಬೆಳಕು ಬಿದ್ದ ಕಡೆ ಅದು ಹೊಳೆಯುತ್ತಿತ್ತು. ಕೆಳಭಾಗಕ್ಕೆ ಒಣಕಡ್ಡಿ, ಮೇಲಿನ ಸುತ್ತು ಪೂರ್ತಿ ಕಂಬಿ ಕಟ್ಟುವ ಸಣ್ಣ ತಂತಿ.

"ಮೇಸ್ತ್ರಿ ಬೈತಿದ್ದ ನೋಡ್ರಿ, ತಂತಿ ಯಾರ್ ಒಯ್ಯಾಕತ್ತೀರಿ ಅಂತ. ಇಕಿನೇ ಕಂಡ್ ಹಿಡದಾಕಿ. ಮೂರ್ ದಿನ ಕಾದ್ ಕುಂತು ನೋಡ್ಯಾಳ. ಮನ್ಯಾಗ ಬಾಯಿ ಮುಚ್ಚಂಗಿಲ್ರಿ ಇಕಿ." ಆಮೇಲೆ ದನಿ ತಗ್ಗಿಸಿದರು. "ಸಣ್ಣಾಕಿ ಕೂಡ ಕುಂದ್ರಸ್ತಾರಂತ ಹೌದ್ರಿ? ಹಂಗ ಮಾಡಿದ್ರ ಸಾಲಿಗೇ ಹೋಗಂಗಿಲ್ಲ ಅನ್ನಾಕತ್ಯಾಳ."

"ಇನ್ನೂ ತೀರ್ಮಾನ ಆಗಿಲ್ಲಮ್ಮ," ಎಂದೆ. ಅದು ನಿಜ, ಆದರೆ ಸಮಾಧಾನ ಕೊಡುವ ಮಾತಾಗಿರಲಿಲ್ಲ.

ಮುಕ್ಕಾಲು ಗಂಟೆ ನಿಂತೆ. ಎಂಟು ಗಂಟೆಯ ಹೊತ್ತಿಗೆ ಕಾಗೆಯೊಂದು ಕಂಬಿ ರಾಶಿಯ ಪಕ್ಕ ಇಳಿಯಿತು, ತುಂಡು ತಂತಿಯೊಂದನ್ನು ಕೊಕ್ಕಿನಲ್ಲಿ ಎತ್ತಿಕೊಂಡು ಮರಕ್ಕೆ ಹಾರಿತು. ಮೊಬೈಲ್ ಕೈಯಲ್ಲೇ ಇತ್ತು, ಫೋಟೊ ತೆಗೆಯಲಿಲ್ಲ. ಫೋಟೊ ತೋರಿಸಿಬಿಟ್ಟರೆ ಆಮೇಲೆ ಯಾರೂ ಅವಳನ್ನು ಏನೂ ಕೇಳಬೇಕಾಗಿರುವುದಿಲ್ಲ.

ಮೂರನೇ ಶನಿವಾರ ತರಗತಿ ಶುರುವಾಗುವ ಮೊದಲೇ ಎದ್ದು ನಿಂತು ತಿದ್ದುಪಡಿ ಹೇಳಿದೆ. ತಪ್ಪು ಯಾವ ಪುಟದಲ್ಲಿ ಬಂತೋ ತಿದ್ದುಪಡಿ ಅದೇ ಪುಟದಲ್ಲಿ ಬರಬೇಕು ಎಂದು ಸುದ್ದಿಮನೆಯಲ್ಲಿ ಕಲಿತಿದ್ದೆ. ಆದ್ದರಿಂದ ಅದೇ ಜಗಲಿಯಲ್ಲಿ, ನಕ್ಕ ಮಕ್ಕಳ ಮುಂದೆಯೇ.

"ಹೋದ ವಾರ ನಾನು ಒಂದು ವರದಿಯನ್ನ ತಡೆದೆ. ವರದಿ ಸರಿಯಾಗೇ ಇತ್ತು. ವಿಚಾರಿಸದೆ ತಡೆದದ್ದು ನನ್ನ ತಪ್ಪು. ಬುಧವಾರ ಹೋಗಿ ನೋಡಿ ಬಂದಿದೀನಿ."

"ಅಂದ್ರೆ ಕಬ್ಬಿಣದ ಗೂಡು ನಿಜಾನಾ ಮಿಸ್?" ಎಂದ ವೆಲ್ಡಿಂಗ್ ಶಾಪಿನ ಹುಡುಗ.

"ನಿಜ. ಹೆಚ್ಚಿನ ವಿವರ ಬೇಕಿದ್ರೆ ಅವಳನ್ನೇ ಕೇಳ್ಬೇಕು. ನನಗಿಂತ ಜಾಸ್ತಿ ಅವಳು ನೋಡಿದಾಳೆ."

ಮೂವತ್ತು ಮುಖಗಳು ಅವಳತ್ತ ತಿರುಗಿದವು. ಅವಳು ತಲೆ ಬಗ್ಗಿಸಿದಳು. ಆ ದಿನ ಒಂದು ಮಾತೂ ಆಡಲಿಲ್ಲ. ಕ್ಷಮೆ ಕೇಳಿದೊಡನೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದರೆ ಅದು ನನ್ನ ಎರಡನೇ ತಪ್ಪು. ಮೂರು ಶನಿವಾರ ಮುಗಿದಿದ್ದವು, ಮೂರು ಉಳಿದಿದ್ದವು.

ಅವಳಿಂದ ಮಾತು ಬರಬೇಕು ಎಂದು ಕಾಯುವುದನ್ನು ಬಿಟ್ಟೆ. ನಾಲ್ಕನೇ ಶನಿವಾರ ಅವಳನ್ನು ಕೇಳುವವಳ ಜಾಗದಲ್ಲಿ ಕೂರಿಸಿದೆ, ಮರಕ್ಕೆ ಬೆನ್ನು ಹಾಕಿ. ಜೋಡಿಯಾಗಿ ಕೊಟ್ಟದ್ದು ವೆಲ್ಡಿಂಗ್ ಶಾಪಿನ ಹುಡುಗನನ್ನೇ. ಕ್ಲಾಸ್ ಟೀಚರ್ ಹುಬ್ಬೇರಿಸಿದರು. ಅವನಿಗೆ ಮಾತು ಹೆಚ್ಚು, ನೋಟ ಕಡಿಮೆ. ಅವಳಿಗೆ ಅದರ ತದ್ವಿರುದ್ಧ. ಅದಕ್ಕಾಗಿಯೇ.

ಅವನು ಓಡಿ ಬಂದ. "ಒಂದು ಓತಿಕ್ಯಾತ. ಮರದ ಮೇಲಿತ್ತು. ತಲೆ ಅಲ್ಲಾಡಿಸ್ತಾ ಇತ್ತು. ಮುಗೀತು. ಬರಿ."

ಅವಳು ಬಳಪ ಹಿಡಿದು ಕೂತೇ ಇದ್ದಳು.

"ಬರಿಯೇ! ಓತಿಕ್ಯಾತ ಗೊತ್ತಿಲ್ವಾ?"

ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವಳು ಸ್ಲೇಟನ್ನು ನೋಡುತ್ತಲೇ ಕೇಳಿದಳು:

"ತಲಿ ಮ್ಯಾಲ ಮಾಡಿತ್ತೊ, ಕೆಳಗ ಮಾಡಿತ್ತೊ?"

ಹುಡುಗ ಅದನ್ನು ನೋಡಿರಲಿಲ್ಲ. ಊಹಿಸಿ ಹೇಳುವ ಹಾಗಿರಲಿಲ್ಲ. ಮರದ ಹತ್ತಿರ ಓಡಿದ, ವಾಪಸ್ ಬಂದ. "ಕೆಳಗೆ."

"ಬಾಲ?"

ಮತ್ತೆ ಓಡಿದ. "ನೆಟ್ಟಗೆ. ಉದ್ದಕ್ಕಿದೆ. ಮೈಗಿಂತ ಉದ್ದ."

"ಬಣ್ಣ ಎಲ್ಲಾ ಕಡಿ ಒಂದೇ ಅದ ಏನು?"

"ಏಯ್, ಎಷ್ಟ್ ಸಲ ಓಡಿಸ್ತೀಯ ನನ್ನ!"

"ನೀ ಸರಿ ನೋಡಿಲ್ಲ," ಎಂದಳು.

ಐದು ಸಲ ಓಡಿಸಿದಳು. ಮೂರನೇ ಸಲಕ್ಕೆ ಉಳಿದ ಜೋಡಿಗಳು ತಮ್ಮ ಕೆಲಸ ಬಿಟ್ಟು ಸುತ್ತ ನೆರೆದಿದ್ದವು. ಕೊನೆಗೆ ಸ್ಲೇಟನ್ನು ಮರದ ಹತ್ತಿರ ಒಯ್ದು ಹಿಡಿದಾಗ, ಓತಿಕ್ಯಾತ ಇನ್ನೂ ಅಲ್ಲೇ ಇತ್ತು, ತಲೆ ಕೆಳಗೆ ಮಾಡಿಕೊಂಡು. ಕತ್ತಿನ ಹತ್ತಿರದ ಕೆಂಪನ್ನು ತೋರಿಸಲು ಅವಳು ಸ್ಲೇಟಿನ ಮೇಲೆ ಇಟ್ಟಿಗೆ ಚೂರು ಉಜ್ಜಿದ್ದಳು. "ಮಿಸ್, ಇವಳು ಪೊಲೀಸ್ ಥರ ಕೇಳ್ತಾಳೆ," ಎಂದು ಹುಡುಗ ದೂರಿದ. ಆದರೆ ಸ್ಲೇಟನ್ನು ಎಲ್ಲರಿಗೂ ತೋರಿಸಿಕೊಂಡು ಬಂದವನೂ ಅವನೇ.

ಐದನೇ ಶನಿವಾರ ಹೋದಾಗ ಮಕ್ಕಳ ಕೈಯಲ್ಲೆಲ್ಲ ಒಂದೊಂದು ಹಾಳೆ. ಕ್ಲಾಸ್ ಟೀಚರ್ ವಾರವಿಡೀ ಕೂತು ಮೂವತ್ತೊಂದು ಮಕ್ಕಳಿಗೂ ಪರಿಸರ ಸಂರಕ್ಷಣೆಯ ಮೇಲೆ ಭಾಷಣ ಬರೆದುಕೊಟ್ಟಿದ್ದರು, ಸಭೆಯಲ್ಲಿ ಹೇಳಲು. ಬಾಯಿಪಾಠ ಮಾಡಬೇಕು. ಯಾದಗಿರಿಯ ಹುಡುಗಿಗೆ ಎಲ್ಲರಿಗಿಂತ ಚಿಕ್ಕದು, ನಾಲ್ಕೇ ಸಾಲು: 'ಸಭೆಯಲ್ಲಿ ಆಸೀನರಾಗಿರುವ ಎಲ್ಲ ಗಣ್ಯರಿಗೆ' ಎಂದು ಶುರು. ಅವಳು ಹಾಳೆಯನ್ನು ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡು, ಮತ್ತೆ ಮೊದಲಿನ ಹಾಗೆ ನೆಲ ನೋಡುತ್ತ ಕೂತಿದ್ದಳು.

ಕ್ಲಾಸ್ ಟೀಚರನ್ನು ಪಕ್ಕಕ್ಕೆ ಕರೆದೆ.

"ಇದು ಬೇಡ ಮೇಡಂ. ಅವರು ನೋಡಿದ್ದನ್ನೇ ಹೇಳ್ಲಿ."

"ನೀವು ಶನಿವಾರ ಬಂದು ಹೋಗ್ತೀರಾ. ತಂದೆತಾಯಿ ಮುಂದೆ ಮಕ್ಕಳು ತಡವರಿಸಿದ್ರೆ ಮರ್ಯಾದೆ ಹೋಗೋದು ನಂದು," ಎಂದರು. ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು. "ಆ ಹುಡುಗಿಗೋಸ್ಕರಾನೇ ನಾಲ್ಕು ಸಾಲು ಮಾಡಿದ್ದು. ನಾಲ್ಕು ಸಾಲು ಹೇಳಿಬಿಟ್ರೆ ಎಚ್‌.ಎಂ. ಹತ್ರ ನಾನೇ ಮಾತಾಡ್ತೀನಿ."

ಅವರೂ ಹುಡುಗಿಯ ಪರವಾಗಿಯೇ ಇದ್ದರು ಎಂದು ನನಗೆ ಗೊತ್ತಾದದ್ದು ಆಗಲೇ. ದನಿ ಏರಿಸುವ ಕಾರಣ ಉಳಿಯಲಿಲ್ಲ. ಬಿಟ್ಟುಕೊಡುವ ಕಾರಣವೂ ಇರಲಿಲ್ಲ.

"ಉಳಿದವರು ಭಾಷಣ ಮಾಡ್ಲಿ. ಇವಳು, ಆ ಹುಡುಗ ಇಬ್ಬರೂ ಫೋನ್ ಸುದ್ದಿ ಮಾಡ್ಲಿ. ಐದು ನಿಮಿಷ ಸಾಕು."

"ಎಲ್ಲರ ಮುಂದೆ ನಿಂತು ಸುಮ್ನಾಗಿಬಿಟ್ರೆ?"

"ಸುಮ್ನಾದ್ರೆ ಕಾಯೋಣ. ಹಿಂದಿನಿಂದ ಹೇಳಿಕೊಡೋದು ಮಾತ್ರ ಬೇಡ."

ಅವರು ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ. ನಾನು ಹುಡುಗಿಯ ಕೈಯಿಂದ ಹಾಳೆ ತೆಗೆದುಕೊಂಡು, "ಮುಂದಿನ ವಾರ ಗೂಡಿನ ಸುದ್ದಿ ನಿಂದು. ಕೇಳೋನು ಅವನು. ದಿನಾ ನೋಡ್ತಾ ಇರು," ಎಂದೆ.

ಆರನೇ ಶನಿವಾರ. ದೊಡ್ಡ ಕೊಠಡಿಯಲ್ಲಿ ಬೆಂಚುಗಳ ಮೇಲೆ ಪೋಷಕರು. ಹೆಚ್ಚಿನವರು ಕೆಲಸದ ನಡುವೆ ಬಂದವರು. ಹುಡುಗಿಯ ತಾಯಿ ಮೇಸ್ತ್ರಿಯಿಂದ ಒಂದು ಗಂಟೆ ಬಿಡುವು ಕೇಳಿಕೊಂಡು ಬಂದು ಬಾಗಿಲ ಪಕ್ಕ ನಿಂತಿದ್ದರು. ಭಾಷಣಗಳು ಒಂದರ ಹಿಂದೆ ಒಂದು ಮುಗಿದವು. ಎಲ್ಲದಕ್ಕೂ ಚಪ್ಪಾಳೆ ಬಿತ್ತು. ಕೊನೆಗೆ ಇವರಿಬ್ಬರು.

ಹುಡುಗ ಸಭೆಗೂ ಅವಳಿಗೂ ಬೆನ್ನು ಹಾಕಿ, ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತ. ಅವಳು ಅವನ ಹಿಂದೆ, ನಾಲ್ಕಡಿ ದೂರದಲ್ಲಿ.

"ಹಲೋ, ಹೇಳಿ. ಬರ್ಕೊಳ್ತಾ ಇದೀನಿ," ಎಂದ ಹುಡುಗ. ಪೋಷಕರು ನಕ್ಕರು.

ಅವಳು ಹೇಳಲಿಲ್ಲ.

ಅರ್ಧ ನಿಮಿಷ ಎನ್ನುವುದು ತುಂಬಿದ ಕೊಠಡಿಯಲ್ಲಿ ಬಹಳ ದೊಡ್ಡದು. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಒರೆಸಿಕೊಂಡರು. ಕ್ಲಾಸ್ ಟೀಚರ್ ತುಟಿ ಅಲ್ಲಾಡಿಸತೊಡಗಿದರು. ನಾನು ತಲೆಯಾಡಿಸಿ ಬೇಡವೆಂದೆ. ಅವರು ನಿಲ್ಲಿಸಿದರು.

"ಗೂಡು ದುಂಡಗಿದ್ಯಾ?" ಎಂದು ಹುಡುಗ ಕೇಳಿದ. ಅವನಿಗೆ ತಾಳ್ಮೆ ಎಂದೂ ಇರಲಿಲ್ಲ. ನಿಯಮ ಮುರಿದು ಊಹಿಸಿ ಬಿಡಿಸಲು ಶುರುಮಾಡಿದ: ಪಠ್ಯಪುಸ್ತಕದಲ್ಲಿರುವಂಥ ಬಟ್ಟಲಿನಾಕಾರದ ಗೂಡು, ಒಳಗೆ ಮೂರು ದುಂಡನೆಯ ಮೊಟ್ಟೆ, ಪಕ್ಕದಲ್ಲಿ ಎರಡು ಎಲೆ.

"ಹಂಗಲ್ಲ," ಎಂದಳು.

"ಮತ್ತೆ ಹೆಂಗೆ?"

"ಅಳಸು ಅದನ್ನ. ಎರಡ್ ಟೊಂಗಿ ಬರಿ ಮೊದಲ. ಅಗಲ ಬ್ಯಾಡ. ಹಾಂ. ನಡಬರಕ ಕಡ್ಡಿ. ಬಾಳ ಕಡ್ಡಿ. ಅದರ ಮ್ಯಾಲ ತಂತಿ."

"ಎಷ್ಟು ತಂತಿ?"

"ಎಣಸಾಕ ಬರಂಗಿಲ್ಲ. ಒಂದರಾಗ ಒಂದು ಸಿಗಸ್ಯದ."

"ಎಲ್ಲಿಂದ ತರುತ್ತೆ?"

"ನಮ್ಮಪ್ಪ ಕಂಬಿ ಕಟ್ತಾನ. ಕತ್ತರಿಸಿದ ತುಂಡು ಕೆಳಗ ಬೀಳ್ತಾವ. ಮುಂಜಾನೆ ಬಂದು ಆರಿಸ್ತದ. ಕಾಲಾಗ ಒತ್ತಿ ಹಿಡದು ಬಾಗಸಿ ನೋಡ್ತದ. ಬಾಗಿದ್ರ ಒಯ್ತದ, ಬಾಗಲಿಲ್ಲಂದ್ರ ಬಿಡ್ತದ."

ಬಾಗಿಸಿ ನೋಡುವುದನ್ನು ನಾನು ಆ ಮುಕ್ಕಾಲು ಗಂಟೆಯಲ್ಲಿ ಕಂಡಿರಲಿಲ್ಲ. ಬೆಂಚಿನ ಮೇಲಿದ್ದ ಒಬ್ಬರು ಮುಂದಕ್ಕೆ ಬಾಗಿದರು, ಬೆರಳುಗಳಲ್ಲಿ ಸುಟ್ಟ ಕಲೆಗಳಿದ್ದವರು. ಆ ಹುಡುಗನ ತಂದೆ ಇರಬೇಕು.

"ತಂತಿ ಮರಿಗೆ ಚುಚ್ಚಲ್ವಾಮ್ಮ?" ಎಂದು ಅವರು ಕೇಳಿದರು.

ಅದು ಆಟದ ಭಾಗವಾಗಿರಲಿಲ್ಲ, ನಿಜವಾದ ಪ್ರಶ್ನೆಯಾಗಿತ್ತು. ಹುಡುಗಿ ಅವರ ಕಡೆ ತಿರುಗಿದಳು.

"ಒಳಗ ನಾರು ಹಾಸ್ಯದ್ರಿ. ಸಿಮೆಂಟ್ ಚೀಲದ್ದು. ಅದನ್ನೂ ಕಾಲಾಗ ಹಿಡದು ಎಳೀತದ. ನಿನ್ನಿ ಮರಿ ಒದರಾಕತ್ತಿದ್ವು. ಎಷ್ಟ ಅದಾವ ಗೊತ್ತಿಲ್ಲ, ನಾ ನೋಡಿಲ್ಲ. ಎರಡ್ ದನಿ ಕೇಳೇನಿ."

ಇನ್ನೂ ಇಬ್ಬರು ಪ್ರಶ್ನೆ ಕೇಳಿದರು. ಕಾಣದ್ದನ್ನು ಕಂಡಿಲ್ಲ ಎಂದೇ ಹೇಳಿದಳು. ಯಾರೂ ಅವಳ ಮಾತಿನ ರೀತಿಗೆ ನಗಲಿಲ್ಲ. ಗೂಡಿನ ಬಗ್ಗೆ ತಿಳಿಯುವುದೇ ಅವರಿಗೆ ಮುಖ್ಯವಾಗಿತ್ತು. ಐದು ನಿಮಿಷ ಎಂದಿದ್ದು ಹನ್ನೆರಡಾಯಿತು.

ಸಭೆ ಮುಗಿದಾಗ ಮುಖ್ಯೋಪಾಧ್ಯಾಯಿನಿ ನನ್ನ ಹತ್ತಿರ ಬಂದು, "ಮೂರನೇ ಕ್ಲಾಸಿನ ಮಾತು ಬಿಟ್ಬಿಡಿ ಮೇಡಂ," ಎಂದರು. ಕ್ಲಾಸ್ ಟೀಚರ್ ಪಕ್ಕದಲ್ಲೇ ಇದ್ದರು. "ಪಾಠ ಅರ್ಥ ಆಗ್ತಿರ್ಲಿಲ್ಲ ಅಂತಲ್ಲ, ನಾನು ಏನೂ ಕೇಳಿರ್ಲಿಲ್ಲ," ಎಂದರು, ಯಾರನ್ನೂ ನೋಡದೆ.

ಬಾಗಿಲ ಹತ್ತಿರ ಹೋಗಿ ಹುಡುಗಿಯ ತಾಯಿಗೆ ವಿಷಯ ತಿಳಿಸಿದೆ. ಆಕೆ ಕೇಳಿಸಿಕೊಂಡು ಮುಖ್ಯೋಪಾಧ್ಯಾಯಿನಿ ನಿಂತಿದ್ದ ಕಡೆ ನೋಡಿದರು.

"ನೀವ್ ಹೇಳಿದ್ರಿ, ಸರಿ. ದೊಡ್ಡ ಟೀಚರ್ ಬಾಯಿಲೇ ಕೇಳ್ತೀನ್ರಿ," ಎಂದು ಹೇಳಿ, ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಮುಖ್ಯೋಪಾಧ್ಯಾಯಿನಿಯ ಎದುರು ಹೋಗಿ ನಿಂತರು.

"ನನ್ನ ಮಗಳನ್ನ ಕೆಳಗಿನ ಕ್ಲಾಸಿಗೆ ಹಾಕಂಗಿಲ್ಲ, ಹೌದಲ್ರಿ?"

"ಇಲ್ಲಮ್ಮ. ಆರನೇ ಕ್ಲಾಸಲ್ಲೇ ಕೂತ್ಕೊಳ್ತಾಳೆ."

"ಸೋಮವಾರನೂ?"

"ಸೋಮವಾರನೂ."

"ಆಮ್ಯಾಲ ಮತ್ತ?"

"ವರ್ಷ ಪೂರ್ತಿ ಅಲ್ಲೇ ಕಣಮ್ಮ."

ಆಕೆ ತಲೆಯಾಡಿಸಿದರು. ಗಂಟೆ ಮೀರಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳಿಗೆ ಹೇಳಿ ಹೋಗಲೂ ನಿಲ್ಲದೆ ಕೆಲಸಕ್ಕೆ ಹೊರಟುಹೋದರು. ಮಗಳು ಅದನ್ನು ಗಮನಿಸಿರಲಿಲ್ಲ. ಬೋರ್ಡಿನ ಹತ್ತಿರ ನಿಂತು, ಎರಡನೇ ಟೊಂಗೆ ಯಾಕೆ ಇನ್ನಷ್ಟು ದಪ್ಪಗಿರಬೇಕು ಎಂದು ಹುಡುಗನಿಗೆ ಹೇಳುತ್ತಿದ್ದಳು, ಅವನು ಸೀಮೆಸುಣ್ಣ ಕೆಳಗಿಡದೆ ಕೇಳುತ್ತಿದ್ದ.